ಆರ್‌ಸೆಟಿ ಅಂದರೆ ಏನು? ಉಚಿತ ತರಬೇತಿಯ ಆಚೆಗಿನ ಮಾತು

ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಪೇಪರುಗಳ ಒಳಪುಟದಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಬರುತ್ತದೆ. ಉಚಿತ ಹೊಲಿಗೆ ತರಬೇತಿಗೆ ಅರ್ಜಿ ಕರೆದಿದ್ದಾರೆ, ಊಟ, ವಸತಿಯೂ ಉಚಿತ ಅಂತ. ಕೆಳಗೆ ‘ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ’ ಅನ್ನುವ ಹೆಸರು ಇರುತ್ತದೆ. ಇದನ್ನೇ ಎಲ್ಲರೂ ಆರ್‌ಸೆಟಿ ಅನ್ನುವುದು. ಸರ್ಕಾರದ ಹೊಲಿಗೆ ಕ್ಲಾಸು ಅಂದುಕೊಂಡವರು ಬಹಳ ಮಂದಿ. ಸರ್ಟಿಫಿಕೇಟ್ ಸಿಕ್ಕರೆ ಯಾವುದಾದರೂ ನೌಕರಿಗೆ ಬಂದೀತು ಅಂತ ಸೇರುವವರೂ ಇದ್ದಾರೆ. ಹಾಗೆ ಸೇರಿದವರಿಗೆ ಕೊನೆಗೆ ಬೇಸರವೇ ಆಗುತ್ತದೆ. ಏಕೆಂದರೆ ಆರ್‌ಸೆಟಿ ಇರುವುದು ಹಳ್ಳಿಯ ಬಡವರು ತಮ್ಮದೇ ಸಣ್ಣ ಉದ್ಯೋಗ ಶುರು ಮಾಡಲಿ ಅಂತ. ತರಬೇತಿ ಅದರ ಮೊದಲ ಭಾಗ ಅಷ್ಟೇ.

ಇದರ ಬೇರು ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಕೆಲಸವಿಲ್ಲದ ಹಳ್ಳಿ ಹುಡುಗರಿಗೆ ಕೆಲವು ವಾರ ಇಟ್ಟುಕೊಂಡು ಕಲಿಸುವುದು, ಆಮೇಲೆ ಸಾಲ ಸಿಗುವಂತೆ ನೋಡಿಕೊಳ್ಳುವುದು ಅದರ ದಾರಿ. ಅದು ಚೆನ್ನಾಗಿ ನಡೆಯಿತು. ಧಾರವಾಡಕ್ಕೂ ರುಡ್‌ಸೆಟ್ ಬಂತು. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಹಿಡಿದು ಜಿಲ್ಲೆಗೊಂದು ಇಂಥ ಸಂಸ್ಥೆ ಬೇಕು ಅಂದಿತು. ಜಾಗ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಹಣ ಕೇಂದ್ರದ್ದು, ನಡೆಸುವ ಹೊಣೆ ಬ್ಯಾಂಕಿನದು. ಸಾಮಾನ್ಯವಾಗಿ ಜಿಲ್ಲೆಯ ಲೀಡ್ ಬ್ಯಾಂಕೇ, ಅಂದರೆ ಆ ಜಿಲ್ಲೆಯ ಬ್ಯಾಂಕುಗಳಿಗೆ ಮುಂದಾಳಾಗಿ ಗೊತ್ತುಮಾಡಿದ ಬ್ಯಾಂಕೇ, ಇದನ್ನು ನಡೆಸುತ್ತದೆ.

ಈ ಕೊನೆಯ ಸಂಗತಿಯನ್ನು ನೆನಪಿಡಬೇಕು. ಸಂಸ್ಥೆಯ ನಿರ್ದೇಶಕರು ಬ್ಯಾಂಕಿನ ಅಧಿಕಾರಿಯೇ ಆಗಿರುತ್ತಾರೆ. ಬ್ಯಾಂಕಿನವರ ಕೈಗೆ ತರಬೇತಿ ಯಾಕೆ ಕೊಟ್ಟರು? ಹಳ್ಳಿಯವರಿಗೆ ಕಸುಬು ಬಂದರೂ ಕೈಯಲ್ಲಿ ದುಡ್ಡಿಲ್ಲದೆ ನಿಂತುಬಿಡುತ್ತಾರೆ. ಸಾಲ ಕೊಡುವವರಿಗೆ ಅವರ ಪರಿಚಯ ಇರುವುದಿಲ್ಲ. ಈ ಎರಡು ಕಡೆಯವರನ್ನು ಒಂದೇ ಸೂರಿನಡಿ ತಂದದ್ದೇ ಇಲ್ಲಿನ ಜಾಣತನ.

ಕೋರ್ಸುಗಳು ದೊಡ್ಡವೇನಲ್ಲ. ಹೈನುಗಾರಿಕೆ, ಕುರಿ-ಮೇಕೆ ಸಾಕಣೆಗೆ 10 ದಿನ. ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ, ಹೌಸ್ ವೈರಿಂಗ್, ಪಂಪ್‌ಸೆಟ್ ರಿವೈಂಡಿಂಗ್ ಇಂಥವಕ್ಕೆ ಸುಮಾರು 30 ದಿನ. ಒಂದು ಬ್ಯಾಚಿಗೆ ಸುಮಾರು 30 ಜನ. ಬಿಪಿಎಲ್ ಮನೆಯವರಿಗೆ, ಸ್ವಸಹಾಯ ಸಂಘದ ಸದಸ್ಯರಿಗೆ ಆದ್ಯತೆ. ಡಿಗ್ರಿ ಬೇಡ, ಬಹಳಷ್ಟು ಕೋರ್ಸಿಗೆ ಓದಲು ಬರೆಯಲು ಬಂದರೆ ಸಾಕು.

ಆದರೆ ಇಷ್ಟು ದಿನವೂ ಸೂಜಿ, ದಾರ, ಸ್ಕ್ರೂಡ್ರೈವರ್ ಹಿಡಿದೇ ಕೂರಿಸುತ್ತಾರೆ ಅಂತಲ್ಲ. ಬೆಳಿಗ್ಗೆ ಒಬ್ಬೊಬ್ಬರಾಗಿ ಎದ್ದು ನಿಂತು ನಿನ್ನೆ ಕಲಿತದ್ದರಲ್ಲಿ ಯಾವುದು ಮುಖ್ಯ ಅನಿಸಿತು ಅಂತ ಹೇಳಬೇಕು. ನಾಲ್ಕು ಜನರೆದುರು ಬಾಯಿ ಬಿಡದ ಹೆಣ್ಣುಮಕ್ಕಳಿಗೆ ಮೊದಲ ಎರಡು ದಿನ ಇದೇ ದೊಡ್ಡ ಕಷ್ಟ. ಇನ್ನೊಂದು ರಿಂಗ್ ಆಟ. ನೆಲದಲ್ಲಿ ಒಂದು ಗೂಟ ಇರುತ್ತದೆ, ಅದಕ್ಕೆ ರಿಂಗ್ ಎಸೆಯಬೇಕು. ಎಷ್ಟು ದೂರದಿಂದ ಎಸೆಯುವುದು ಅನ್ನುವುದು ನಿಮ್ಮ ಇಷ್ಟ. ಹತ್ತಿರ ನಿಂತರೆ ಅಂಕ ಕಡಿಮೆ, ದೂರ ನಿಂತರೆ ಜಾಸ್ತಿ. ಕೆಲವರು ಗೂಟಕ್ಕೆ ಅಂಟಿಕೊಂಡೇ ನಿಲ್ಲುತ್ತಾರೆ. ಕೆಲವರು ಗೋಡೆವರೆಗೂ ಹೋಗಿ ಎಸೆದು ಒಂದನ್ನೂ ಹಾಕುವುದಿಲ್ಲ. ತನ್ನ ಕೈ ಅಳತೆ ನೋಡಿಕೊಂಡು ನಡುವೆ ಎಲ್ಲೋ ನಿಂತವರು, ಮೊದಲ ಎಸೆತ ತಪ್ಪಿದರೆ ಅರ್ಧ ಹೆಜ್ಜೆ ಮುಂದೆ ಬಂದವರು ಗೆಲ್ಲುತ್ತಾರೆ. ಮೊದಲ ಸಾಲ ಎಷ್ಟು ತೆಗೆಯಬೇಕು ಅನ್ನುವ ಪಾಠ ಈ ಆಟದಲ್ಲೇ ಮುಗಿದಿರುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯದು ಅನಿಸುವುದು ಲೆಕ್ಕದ ಪಾಠ. ಗದಗ ಕಡೆಯ ಒಬ್ಬ ಅಕ್ಕ ಖಾನಾವಳಿಗೆ ಖಡಕ್ ರೊಟ್ಟಿ ಕೊಡುತ್ತಾಳೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 100 ರೊಟ್ಟಿ, ಒಂದಕ್ಕೆ 6 ರೂಪಾಯಿ, ಕೈಗೆ 600 ಬರುತ್ತದೆ. ಜೋಳದ ಹಿಟ್ಟಿಗೆ 300, ಗ್ಯಾಸಿಗೆ 80, ಆಟೋ ಮತ್ತು ಪ್ಯಾಕಿಂಗಿಗೆ 60 ಹೋಗುತ್ತದೆ. ಉಳಿದದ್ದು 160, ಅದು ಲಾಭ ಅಂತ ಅವಳ ಲೆಕ್ಕ. ಕಲಿಸುವವರು ಕೇಳುವುದು ಒಂದೇ ಪ್ರಶ್ನೆ:

‘ಅಕ್ಕಾರ, ಇದ್ರಾಗ ನಿಮ್ಮ ಕೂಲಿ ಎಲ್ಲೈತ್ರಿ?’

‘ನಾ ಮನ್ಯಾಗ ಕುಂತು ರೊಟ್ಟಿ ಬಡಿತೀನ್ರಿ, ನನಗ್ಯಾಕ ಕೂಲಿ?’

ಅರ್ಧ ದಿನ ಒಲೆ ಮುಂದೆ ಕೂತದ್ದಕ್ಕೆ ಹೊಲದ ಕೂಲಿಯಷ್ಟು ಹಿಡಿದರೂ ಆ 160 ಅಲ್ಲಿಗೇ ಸರಿಹೋಗುತ್ತದೆ. ಲಾಭ ಅಂತ ಏನೂ ಉಳಿದಿಲ್ಲ. ಹಾಗಾದರೆ ದರ ಏರಿಸಬೇಕಾ? ಶೇಂಗಾ ಚಟ್ನಿ ಜೊತೆ ಪ್ಯಾಕೆಟ್ ಮಾಡಿ ನೇರ ಅಂಗಡಿಗೆ ಕೊಡಬೇಕಾ? ಜೋಳವನ್ನು ಸುಗ್ಗಿಯಲ್ಲೇ ಕೊಂಡಿಡಬೇಕಾ? ಉದ್ಯೋಗ ಅನ್ನುವುದು ಶುರುವಾಗುವುದು ಈ ಪ್ರಶ್ನೆಗಳಿಂದ. ವರ್ಷಗಟ್ಟಲೆ ದುಡಿದು ತನ್ನ ಕೂಲಿಯನ್ನೇ ಲೆಕ್ಕಕ್ಕೆ ಹಿಡಿಯದ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಬಡತನ ನೀಗಿಸುವ ಯೋಜನೆ ಇಷ್ಟು ಕಲಿಸಿದರೂ ಅದು ದೊಡ್ಡ ಕೆಲಸ.

ತರಬೇತಿಯ ನಡುವೆ ಮಾರ್ಕೆಟ್ ಸರ್ವೆಗೂ ಕಳಿಸುತ್ತಾರೆ. ಅಂಗಡಿಗೆ ಹೋಗಿ ಮಾಲು ಎಲ್ಲಿಂದ ಬರುತ್ತದೆ, ಯಾವುದು ಖರ್ಚಾಗುತ್ತದೆ ಅಂತ ಕೇಳಿಕೊಂಡು ಬರಬೇಕು. ಆಮೇಲೆ ಪ್ರಾಜೆಕ್ಟ್ ರಿಪೋರ್ಟ್, ಅಂದರೆ ಎಷ್ಟು ಬಂಡವಾಳ ಬೇಕು, ತಿಂಗಳಿಗೆ ಎಷ್ಟು ಬರುತ್ತದೆ, ಕಂತು ಹೇಗೆ ಕಟ್ಟುತ್ತೀರಿ ಅನ್ನುವ ಬರಹ. ಬ್ಯಾಂಕಿನವರು ನೋಡುವುದು ಇದನ್ನೇ.

ಇಲ್ಲಿ ಒಂದು ಗೊಂದಲ ಇದೆ. ಆರ್‌ಸೆಟಿ ತಾನೇ ಸಾಲ ಕೊಡುವುದಿಲ್ಲ. ನಿಮ್ಮೂರಿನ ಬ್ಯಾಂಕ್ ಶಾಖೆಗೆ ಅರ್ಜಿ ಕಳಿಸುತ್ತದೆ. 50,000 ರೂಪಾಯಿವರೆಗೆ ಮುದ್ರಾ ಯೋಜನೆಯ ಶಿಶು ಸಾಲ ಇದೆ, ಅದಕ್ಕೆ ಅಡಮಾನ ಬೇಡ. ಸಂಘದ ಸದಸ್ಯರಾದರೆ ಸಂಘದಿಂದಲೇ ಸಾಲ ತೆಗೆದು ಶುರು ಮಾಡಬಹುದು. ದೊಡ್ಡ ಘಟಕಕ್ಕೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ ಇದೆ, ಅದರಲ್ಲಿ ಹಳ್ಳಿಯವರಿಗೆ ಸಬ್ಸಿಡಿ ಜಾಸ್ತಿ. ಆದರೆ ಶಾಖೆಗೆ ಹೋದಾಗ ‘ಮುಂದಿನ ವಾರ ಬರ್ರಿ’ ಅನ್ನಿಸಿಕೊಂಡು ಅಲೆದು ಸುಸ್ತಾಗಿ ಕೈಬಿಟ್ಟವರು ಇದ್ದಾರೆ. ಆಗ ಸುಮ್ನೆ ಮನೆಗೆ ಹೋಗಬಾರದು. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲಬೇಕು ಅನ್ನುವುದು ಆರ್‌ಸೆಟಿಯ ನಿಯಮದಲ್ಲೇ ಇದೆ. ಫೋನ್ ಮಾಡಬೇಕು, ಮನೆಗೆ ಬಂದು ನೋಡಬೇಕು, ಬ್ಯಾಂಕಿನ ಜೊತೆ ಮಾತಾಡಬೇಕು. ಕಲಿತವರಿಗೆ ಈ ಹಕ್ಕು ಇದೆ ಅಂತಲೇ ಗೊತ್ತಿರುವುದಿಲ್ಲ, ನನಗೆ ಸಂಕಟ ಆಗುವುದು ಅಲ್ಲೇ. ಕಲಿತವರು ದುಡಿಮೆಯಲ್ಲಿ ನೆಲೆ ನಿಲ್ಲುವುದಕ್ಕೆ ಸಂಸ್ಥೆಯವರ ಮಾತಿನಲ್ಲಿ ಸೆಟ್ಲ್‌ಮೆಂಟ್ ಅಂತ ಹೆಸರು. ಎಷ್ಟು ಜನ ಕಲಿತರು ಅನ್ನುವುದರ ಜೊತೆಗೆ ಎಷ್ಟು ಜನ ನೆಲೆ ನಿಂತರು ಅನ್ನುವ ಲೆಕ್ಕವನ್ನೂ ಅವರು ಕೊಡಬೇಕು.

ಡಿಡಿಯು-ಜಿಕೆವೈ, ಅಂದರೆ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಅಂತ ಇನ್ನೊಂದಿದೆ, ಅದು ಆರ್‌ಸೆಟಿ ಅಲ್ಲ. ಅದು 15ರಿಂದ 35 ವಯಸ್ಸಿನ ಗ್ರಾಮೀಣ ಯುವಕರಿಗೆ ಸಂಬಳದ ಕೆಲಸ ಕೊಡಿಸುವ ಯೋಜನೆ. ಅದರಲ್ಲಿ ಕೆಲಸ ಸಿಗುವುದು ಬೆಂಗಳೂರಂಥ ಊರಲ್ಲೂ ಆಗಬಹುದು. ಊರಲ್ಲೇ ಇದ್ದು ದುಡಿಯಬೇಕು ಅನ್ನುವವರಿಗೆ ಆರ್‌ಸೆಟಿ ಸರಿ. ಸುಗ್ಗಿ ಮುಗಿದೊಡನೆ ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ಮುಂಡರಗಿ, ರೋಣದ ಕುಟುಂಬಗಳಿಗೆ ಇದು ಬಹಳ ದೊಡ್ಡ ಮಾತು.

ಕೋರ್ಸ್ ಆರಿಸುವಾಗ ಒಂದು ಎಚ್ಚರ ಬೇಕು. ಒಂದೇ ಊರಿನ ಹೆಚ್ಚು ಜನ ಹೊಲಿಗೆ ಕಲಿತರೆ ಬ್ಲೌಸ್ ಹೊಲಿಸುವವರು ಯಾರು? ಬೋರ್‌ವೆಲ್ ಜಾಸ್ತಿ ಇರುವ ಊರಲ್ಲಿ ಮೋಟರ್ ಸುಟ್ಟರೆ ತಾಲ್ಲೂಕಿಗೆ ಹೊತ್ತೊಯ್ಯುತ್ತಾರೆ, ಅಲ್ವಾ? ಅಲ್ಲಿ ರಿವೈಂಡಿಂಗ್ ಕಲಿತವನಿಗೆ ಕೆಲಸ ಹುಡುಕಿಕೊಂಡು ಬರುತ್ತದೆ. ಊರಿಗೆ ಏನು ಕೊರತೆ ಇದೆ ಅಂತ ನೋಡಿ ಸೇರಿದವರು ಉಳಿದುಕೊಳ್ಳುತ್ತಾರೆ.

ಚಿಕ್ಕ ಮಕ್ಕಳಿರುವ ತಾಯಂದಿರಿಗೆ 30 ದಿನ ಮನೆ ಬಿಟ್ಟಿರುವುದು ಆಗದ ಮಾತು. ಅಂಥವರು ದಿನಾ ಬಸ್ಸಿಗೆ ಓಡಾಡಿ ಕಲಿಯಬಹುದಾ ಅಂತ ಮೊದಲೇ ಕೇಳಿಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲದ್ದರಿಂದ ಇದು ಸುಲಭವಾಗಿದೆ. ಜನ ಸೇರಿದರೆ ಹಳ್ಳಿಯಲ್ಲೇ ಬ್ಯಾಚ್ ನಡೆಸುವುದೂ ಉಂಟು. ಸಂಘದವರು ಒಟ್ಟಾಗಿ ಕೇಳಬೇಕು.

ಅರ್ಜಿಗೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಜೆರಾಕ್ಸ್ ಮತ್ತು ಫೋಟೊ ಇಟ್ಟುಕೊಳ್ಳಿ. ವಿಳಾಸ ಗೊತ್ತಿಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಅಥವಾ ಯಾವುದೇ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಿ. ಸೇರುವ ಮೊದಲು, ಇದೇ ಕೋರ್ಸ್ ಮುಗಿಸಿದ ಇಬ್ಬರ ಅಂಗಡಿ ತೋರಿಸಿ ಅಂತ ಸಂಸ್ಥೆಯವರನ್ನು ಕೇಳಿ. ಆ ಅಂಗಡಿಗೆ ಹೋಗಿ ಮೊದಲ ಆರು ತಿಂಗಳು ಹೇಗೆ ಕಳೆದಿರಿ ಅಂತ ಅವರನ್ನೇ ವಿಚಾರಿಸಿ.