ಉರ್ದು ಅಂಕಣಕಾರರನ್ನು ಎಷ್ಟು ನಂಬಬೇಕು? ಓದುವ ಕ್ರಮದ ಬಗ್ಗೆ ಒಂದು ಟಿಪ್ಪಣಿ

ಉರ್ದು ಪತ್ರಿಕೋದ್ಯಮದಲ್ಲಿ ಇತಿಹಾಸದ ಭಾಗ ಸುಲಭ. 1822ರಲ್ಲಿ ಕಲ್ಕತ್ತೆಯ 'ಜಾಮ್-ಎ-ಜಹಾಂ-ನುಮಾ' ಪತ್ರಿಕೆ, 1857ರಲ್ಲಿ ಬ್ರಿಟಿಷರು ಕೊಂದ 'ದೆಹಲಿ ಉರ್ದು ಅಖ್ಬಾರ್' ಸಂಪಾದಕ ಮೌಲ್ವಿ ಮುಹಮ್ಮದ್ ಬಾಕರ್, 1912ರಲ್ಲಿ ಮೌಲಾನಾ ಆಜಾದರ 'ಅಲ್-ಹಿಲಾಲ್' ಎಂದು ಪರೀಕ್ಷೆಯಲ್ಲಿ ಇಸವಿ ಹಾಕಿ ಬರೆದರೆ ಅಂಕ ಬಂದೇ ಬರುತ್ತದೆ. ತೊಡಕು ಶುರುವಾಗುವುದು ಇವತ್ತಿನ ಪತ್ರಿಕೆ ಕೈಗೆತ್ತಿಕೊಂಡಾಗ. ಪಾಕಿಸ್ತಾನದ 'ಜಂಗ್', 'ಎಕ್ಸ್‌ಪ್ರೆಸ್', 'ದುನಿಯಾ', 'ನವಾ-ಎ-ವಕ್ತ್' ಯಾವುದನ್ನೇ ತೆರೆಯಿರಿ, ಒಳಪುಟಗಳಲ್ಲಿ ಅಂಕಣಗಳದ್ದೇ ದರ್ಬಾರು. ಅವುಗಳಲ್ಲಿ ಯಾವುದನ್ನು ಮಾಹಿತಿ ಎಂದು ತೆಗೆದುಕೊಳ್ಳಬೇಕು, ಯಾವುದನ್ನು ಬರೀ ಬರಹ ಎಂದು ಓದಿ ಪಕ್ಕಕ್ಕಿಡಬೇಕು? ಪಠ್ಯಪುಸ್ತಕ ಇದನ್ನು ಹೇಳಿಕೊಡುವುದಿಲ್ಲ.

ಮೊದಲು ಗಮನಿಸಬೇಕಾದ್ದು ಅಂಕಣದ ತಲೆಪಟ್ಟಿ. ಬರೆದವರ ಭಾವಚಿತ್ರ, ಹೆಸರು, ಜೊತೆಗೆ ಅಂಕಣಕ್ಕೊಂದು ಕಾಯಂ ಶೀರ್ಷಿಕೆ. ಹಾಮಿದ್ ಮೀರ್ ಅವರದು 'ಕಲಮ್ ಕಮಾನ್', ಜಾವೇದ್ ಚೌಧರಿಯವರದು 'ಝೀರೋ ಪಾಯಿಂಟ್', ಹಸನ್ ನಿಸಾರ್ ಅವರದು 'ಚೌರಾಹಾ', ಅತಾ-ಉಲ್-ಹಕ್ ಕಾಸ್ಮಿಯವರದು 'ರೋಜನ್-ಎ-ದೀವಾರ್ ಸೇ'. ಈ ಶೀರ್ಷಿಕೆ ಪತ್ರಿಕೆಯ ಸೊತ್ತಲ್ಲ, ಬರಹಗಾರನದು. ನಝೀರ್ ನಾಜಿ 'ಜಂಗ್' ಬಿಟ್ಟು 'ದುನಿಯಾ' ಸೇರಿದಾಗ 'ಸವೇರೆ ಸವೇರೆ'ಯೂ ಅವರ ಹಿಂದೆಯೇ ಹೋಯಿತು. ಇದು ಹೊಸ ಚಾಳಿಯೇನಲ್ಲ. ಅಬ್ದುಲ್ ಮಜೀದ್ ಸಾಲಿಕ್ ತಮ್ಮ 'ಅಫ್ಕಾರ್-ಓ-ಹವಾದಿಸ್' ಅಂಕಣವನ್ನು ಜಫರ್ ಅಲಿ ಖಾನರ 'ಜಮೀಂದಾರ್'ನಲ್ಲಿ ಬರೆಯುತ್ತಿದ್ದರು. 1927ರಲ್ಲಿ ಗುಲಾಮ್ ರಸೂಲ್ ಮೆಹರ್ ಜೊತೆ ಸೇರಿ ಲಾಹೋರಿನಲ್ಲಿ 'ಇನ್‌ಕಿಲಾಬ್' ಪತ್ರಿಕೆ ಕಟ್ಟಿದಾಗ ಅಂಕಣವನ್ನೂ ಅಲ್ಲಿಗೆ ಒಯ್ದರು.

ಹೀಗಾಗಿ ಓದುಗನ ವಿಶ್ವಾಸ ಪತ್ರಿಕೆಗಿಂತ ಹೆಚ್ಚಾಗಿ ವ್ಯಕ್ತಿಗೆ ಅಂಟಿಕೊಂಡಿದೆ. 'ಬರಹಗಾರರ ಅಭಿಪ್ರಾಯಕ್ಕೆ ಸಂಸ್ಥೆಯ ಸಹಮತ ಇರಲೇಬೇಕೆಂದಿಲ್ಲ' ಎಂಬ ಸಾಲು ಉರ್ದು ಓದುಗರಿಗೆ ಚಿರಪರಿಚಿತ. ಅಭಿಪ್ರಾಯಕ್ಕೆ ಅದು ಸರಿಯಾದ ಮಾತು. ಆದರೆ ಅಂಕಣದೊಳಗೆ ಅಭಿಪ್ರಾಯದ ಜೊತೆ ಸಂಗತಿಗಳೂ ಇರುತ್ತವಲ್ಲ, ಅವುಗಳಿಗೆ ಜವಾಬ್ದಾರರು ಯಾರು? ಸುದ್ದಿಯಾದರೆ ವರದಿಗಾರ, ಬರಹ ತಿದ್ದುವ ಡೆಸ್ಕು, ಸಂಪಾದಕ ಎಂಬ ಮೂರು ಕೈ ದಾಟಿ ಬರುತ್ತದೆ. ಹೆಸರು ಮಾಡಿದ ಅಂಕಣಕಾರನ ಪ್ರತಿಗೆ ಕೈ ಹಾಕುವ ಧೈರ್ಯ ಡೆಸ್ಕಿನಲ್ಲಿ ಕಡಿಮೆ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲೇ ಇದೆ. ಲಂಚ, ಪಕ್ಷ, ಸೇನೆ ಎಲ್ಲ ಆಮೇಲಿನ ಮಾತು.

ಗಂಟು ಹೇಗೆ ಬಿತ್ತೆಂದು ತಿಳಿಯಲು ಅಂಕಣದ ಹುಟ್ಟನ್ನು ನೋಡಬೇಕು. 1877ರಲ್ಲಿ ಲಖನೌದಿಂದ ಹೊರಟ 'ಅವಧ್ ಪಂಚ್' ಕಾಲದಿಂದಲೂ ಅದು ಸಾಹಿತ್ಯದ ಮಗು. ಫುಕಾಹಿಯಾ ಕಾಲಂ, ಅಂದರೆ ವಿನೋದದ ಅಂಕಣ, ಬರೆದವರೆಲ್ಲ ಕವಿಗಳು, ಗದ್ಯದ ಪಳಗಿದ ಕೈಗಳು. ಚಿರಾಗ್ ಹಸನ್ ಹಸ್ರತ್ 'ಸಿಂದಬಾದ್ ಜಹಾಜಿ' ಎಂಬ ಹೆಸರಿನಲ್ಲಿ ಬರೆದರು. ಅಹ್ಮದ್ ನದೀಮ್ ಕಾಸ್ಮಿ, ಇಬ್ನ್-ಎ-ಇನ್ಶಾ ಕೂಡ ಅಂಕಣಕಾರರೇ. ಅವರನ್ನು ಓದಿದವರು ಒಂದು ಶೇರ್ (ದ್ವಿಪದಿ), ಒಂದು ಚುಚ್ಚು, ಒಂದು ಹಿಕಾಯತ್ (ನೀತಿಕಥೆ) ಬಯಸುತ್ತಿದ್ದರು; ಅಂಕಿಅಂಶ ಯಾರಿಗೂ ಬೇಕಿರಲಿಲ್ಲ. ಮುಂದೆ ಪಾಕಿಸ್ತಾನದ ಸೇನಾಡಳಿತಗಾರ ಜಿಯಾ-ಉಲ್-ಹಕ್ ಕಾಲದಲ್ಲಿ ಅಚ್ಚಿಗೆ ಮೊದಲೇ ಸೆನ್ಸಾರ್ ಆಗುತ್ತಿದ್ದಾಗ ರೂಪಕವೇ ಆಶ್ರಯವಾಯಿತು. 1963ರಿಂದ ಪತ್ರಿಕೆಗಳ ಕೊರಳಿಗೆ ಬಿದ್ದಿದ್ದ ಪತ್ರಿಕಾ ಸುಗ್ರೀವಾಜ್ಞೆ 1988ರಲ್ಲಿ ರದ್ದಾದ ಮೇಲೆ ಅದೇ ಅಂಕಣ ನೇರ ರಾಜಕೀಯಕ್ಕಿಳಿಯಿತು. 2002ರ ನಂತರ ಖಾಸಗಿ ಚಾನೆಲ್‌ಗಳು ಬಂದು ಅಂಕಣಕಾರನೇ ಆ್ಯಂಕರ್ ಆದ. ವಿಷಯ ಪೂರ್ತಿ ಬದಲಾಯಿತು, ಓದುಗ ಕೈಯಲ್ಲಿ ಹಿಡಿದ ಅಳತೆಗೋಲು ಮಾತ್ರ ಹಳೆಯದು. ಭಾಷೆ ಸೊಗಸಾಗಿದ್ದರೆ ಮಾತು ನಿಜವೇ ಇರಬೇಕು ಎಂಬ ಭಾವನೆ ಇಂದಿಗೂ ಗಟ್ಟಿ.

ಇನ್ನು ಹಣದ ಮಾತು. 'ಲಿಫಾಫಾ ಸಹಾಫಿ', ಅಂದರೆ ಲಕೋಟೆಯಲ್ಲಿ ಹಣ ಪಡೆದು ಬರೆಯುವ ಪತ್ರಕರ್ತ, ಎಂಬ ಬೈಗುಳ ಪಾಕಿಸ್ತಾನದಲ್ಲಿ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ದಾಖಲೆಯ ಆಧಾರವೂ ಇದೆ. ಹಾಮಿದ್ ಮೀರ್ ಮತ್ತು ಇನ್ನೊಬ್ಬ ಪತ್ರಕರ್ತ ಅಬ್ಸಾರ್ ಆಲಂ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮಾಹಿತಿ ಸಚಿವಾಲಯದ ರಹಸ್ಯ ನಿಧಿ ಯಾರ್‍ಯಾರಿಗೆ ಹೋಗಿದೆ ಎಂದು ಕೇಳಿದರು. 2013ರ ಏಪ್ರಿಲ್‌ನಲ್ಲಿ ಕೋರ್ಟು 280ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯನ್ನು ಬಹಿರಂಗಪಡಿಸಿತು. ಆದರೆ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ವಿಮಾನದ ಟಿಕೆಟ್, ಹೋಟೆಲ್ ಬಿಲ್, ಉಡುಗೊರೆಯಂಥ ಬಾಬತ್ತುಗಳೂ ಅದರಲ್ಲಿವೆ. ತಮಗೆ ಹಣವೇ ಬಂದಿಲ್ಲ ಎಂದವರೂ ಇದ್ದಾರೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆತ ಬರೆದದ್ದೆಲ್ಲ ಸುಳ್ಳಾಗದು, ಇಲ್ಲದ ಮಾತ್ರಕ್ಕೆ ನಿಜವೂ ಆಗದು. ಇವತ್ತಂತೂ ಲಿಫಾಫಾ ಎಂಬುದು ತಮ್ಮ ನಾಯಕನನ್ನು ಟೀಕಿಸಿದವರಿಗೆ ಅಭಿಮಾನಿಗಳು ಎಸೆಯುವ ಕಲ್ಲಾಗಿದೆ. ಪರೀಕ್ಷೆಯಲ್ಲಿ ಈ ಪದ ಬಳಸುವುದಿದ್ದರೆ 2013ರ ಪಟ್ಟಿಯ ಜೊತೆಗೇ ಬಳಸಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಲಕೋಟೆಗಿಂತ ಹೆಚ್ಚು ತಿಳಿಸುವುದು ಹುದ್ದೆ. ಇರ್ಷಾದ್ ಅಹ್ಮದ್ ಹಕ್ಕಾನಿ 'ಜಂಗ್'ನಲ್ಲಿ 'ಹರ್ಫ್-ಎ-ತಮನ್ನಾ' ಬರೆಯುತ್ತಿದ್ದ ಗಂಭೀರ ವಿಶ್ಲೇಷಕ. 1996-97ರ ಉಸ್ತುವಾರಿ ಸರ್ಕಾರದಲ್ಲಿ ಮಂತ್ರಿಯಾದರು. ಅತಾ-ಉಲ್-ಹಕ್ ಕಾಸ್ಮಿ ನಾರ್ವೆಗೆ ರಾಯಭಾರಿಯಾಗಿ ಹೋದರು, 2015ರಲ್ಲಿ ಸರ್ಕಾರಿ ಟಿವಿಯ ಅಧ್ಯಕ್ಷರಾದರು. ಅಂಕಣಕಾರ ಇರ್ಫಾನ್ ಸಿದ್ದೀಕಿ ಅವರದು ಇನ್ನೂ ಸ್ಪಷ್ಟ ಉದಾಹರಣೆ. ಪ್ರಧಾನಿ ನವಾಜ್ ಶರೀಫರ ಸಲಹೆಗಾರರಾಗಿ 2014ರಲ್ಲಿ ತಾಲಿಬಾನ್ ಜೊತೆ ಮಾತುಕತೆಗೆ ಸರ್ಕಾರ ನೇಮಿಸಿದ ಸಮಿತಿಯಲ್ಲಿದ್ದರು, 2021ರಲ್ಲಿ ಅದೇ ಪಕ್ಷದಿಂದ ಸೆನೆಟ್ ಸದಸ್ಯರಾದರು. ನಡುವೆ 2019ರಲ್ಲಿ, ಸರ್ಕಾರ ಬದಲಾದ ಮೇಲೆ, ಮನೆ ಬಾಡಿಗೆ ನಿಯಮದ ನೆಪದಲ್ಲಿ ಅವರನ್ನು ಕೈಕೋಳ ಹಾಕಿ ಬಂಧಿಸಲಾಯಿತು. ಪಕ್ಷದ ಬರಹಗಾರ ಎನ್ನುವುದು ಲಾಭದ ಲೆಕ್ಕ ಮಾತ್ರ ಎಂದುಕೊಂಡವರು ಈ ಘಟನೆಯನ್ನೂ ಸೇರಿಸಿ ಓದಬೇಕು. ಇಂಥವರ ಅಂಕಣದಿಂದ ಪಕ್ಷದೊಳಗಿನ ಮನಸ್ಸು ಗೊತ್ತಾಗುತ್ತದೆ, ಆ ಕೆಲಸಕ್ಕೆ ಅವು ತಕ್ಕ ಆಕರ. ಎದುರಾಳಿಯ ಬಗ್ಗೆ ತಿಳಿಯಲು ಅಲ್ಲಿಗೆ ಹೋಗಬಾರದು, ಅಷ್ಟೇ.

ತಜ್ಞತೆ ಎಂಬ ಇನ್ನೊಂದು ಬಲೆ ಇದೆ. ಅಣುವಿಜ್ಞಾನಿ ಅಬ್ದುಲ್ ಕದೀರ್ ಖಾನ್ 'ಜಂಗ್'ನಲ್ಲಿ 'ಸಹರ್ ಹೋನೇ ತಕ್' ಎಂಬ ಅಂಕಣ ಬರೆಯುತ್ತಿದ್ದರು. 2012ರಲ್ಲಿ ಆಗಾ ವಕಾರ್ ಎಂಬವರು ನೀರಿನಿಂದ ಕಾರು ಓಡಿಸುವ ಕಿಟ್ ತಂದಾಗ ಟಿವಿಗಳು ಕುಣಿದಾಡಿದವು, ಮಂತ್ರಿಗಳು ಬೆನ್ನು ತಟ್ಟಿದರು, ಇದರಲ್ಲಿ ಮೋಸವೇನಿಲ್ಲ ಎಂದು ಖಾನ್ ಕೂಡ ಹೇಳಿದರು. ಭೌತವಿಜ್ಞಾನಿ ಪರ್ವೇಜ್ ಹುದ್‌ಭಾಯ್ ಉಷ್ಣಬಲವಿಜ್ಞಾನದ ಮೂಲ ನಿಯಮ ಹಿಡಿದು ಅದನ್ನು ತಳ್ಳಿಹಾಕಿದರು. ಅವರು ಇದನ್ನು ಬರೆದದ್ದು ಇಂಗ್ಲಿಷ್ ಪತ್ರಿಕೆಯಲ್ಲಿ. ಬಾಂಬಿನ ಖ್ಯಾತಿಯ ಮಾತು ಉರ್ದು ಓದುಗನಿಗೆ ನೇರವಾಗಿ ಮುಟ್ಟಿತು, ಅದಕ್ಕೆ ಬಂದ ಉತ್ತರ ಬೇರೊಂದು ಭಾಷೆಯ ಪುಟದಲ್ಲಿ ಕೂತಿತು.

ಭಾರತದಲ್ಲಿ ಲೆಕ್ಕ ಬೇರೆ. ಹೈದರಾಬಾದಿನ 'ಸಿಯಾಸತ್', ಮುಂಬೈಯ 'ಇನ್‌ಕಿಲಾಬ್', ನಮ್ಮ ಬೆಂಗಳೂರಿನ 'ಸಾಲಾರ್' ಓದುವವರಿಗೆ ಪತ್ರಿಕೆ ಸಮುದಾಯದ ದನಿ ಕೂಡ ಹೌದು. ಇಲ್ಲಿ ತಪ್ಪದೆ ಓದಬೇಕಾದ ಪ್ರಕರಣ 'ರೋಜ್‌ನಾಮಾ ರಾಷ್ಟ್ರೀಯ ಸಹಾರಾ'ದ ಸಂಪಾದಕರಾಗಿದ್ದ ಅಜೀಜ್ ಬರ್ನಿ ಅವರದು. 26/11ರ ಮುಂಬೈ ದಾಳಿಯ ಹಿಂದೆ ಆರ್‌ಎಸ್‌ಎಸ್ ಸಂಚಿನ ಶಂಕೆ ಹುಟ್ಟಿಸುವ ಅವರ ಬರಹಗಳು ಪುಸ್ತಕವಾದವು. 2010ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಬಿಡುಗಡೆ ಸಮಾರಂಭದಲ್ಲಿ ದಿಗ್ವಿಜಯ್ ಸಿಂಗ್ ಭಾಗವಹಿಸಿದ್ದರು. ಮರುತಿಂಗಳೇ ಬರ್ನಿ ತಮ್ಮ ಪತ್ರಿಕೆಯ ಮುಖಪುಟದಲ್ಲಿ ಕ್ಷಮೆ ಕೇಳಿದರು.

ಇದನ್ನು ಓದಿ ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಓದುಗರು ನಂಬಿದ್ದೇಕೆ? 2006ರ ಮಾಲೆಗಾಂವ್ ಸ್ಫೋಟದಲ್ಲಿ ಬಂಧಿತರಾದ ಒಂಬತ್ತು ಮುಸ್ಲಿಮರು ನಿರಪರಾಧಿಗಳು ಎಂದು ಉರ್ದು ಪತ್ರಿಕೆಗಳು ಬಹಳ ಮೊದಲಿನಿಂದ ಬರೆಯುತ್ತಿದ್ದವು. 2016ರಲ್ಲಿ ನ್ಯಾಯಾಲಯ ಅವರನ್ನು ಆರೋಪಮುಕ್ತಗೊಳಿಸಿತು. 2008ರ ಮಾಲೆಗಾಂವ್ ಸ್ಫೋಟದ ತನಿಖೆ ಹಿಂದುತ್ವ ಗುಂಪುಗಳತ್ತ ತಿರುಗಿದ್ದು ಮಹಾರಾಷ್ಟ್ರ ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥ ಹೇಮಂತ್ ಕರ್ಕರೆ ನೇತೃತ್ವದಲ್ಲಿ. ಆ ಪ್ರಕರಣದ ಏಳೂ ಆರೋಪಿಗಳು 2025ರಲ್ಲಿ ಖುಲಾಸೆಯಾದರು, ಆದರೆ ಆಗಿನ ಓದುಗನ ಕಣ್ಣ ಮುಂದಿದ್ದದ್ದು ತನಿಖೆ ಮಾತ್ರ. ಆ ಕರ್ಕರೆ 26/11ರ ರಾತ್ರಿಯೇ ಹತರಾದರು. ಮುಖ್ಯವಾಹಿನಿ ಕಡೆಗಣಿಸಿದ ಒಂದು ಮಾತು ನಿಜ ಇರಬಹುದಾದರೆ ಇನ್ನೊಂದು ಯಾಕಾಗಬಾರದು ಎಂದು ಓದುಗನಿಗೆ ಅನ್ನಿಸಿತು. ಅಂಕಣಕಾರ ಮೊದಲನೆಯದರಿಂದ ಗಳಿಸಿದ ವಿಶ್ವಾಸವನ್ನು ಎರಡನೆಯದಕ್ಕೆ ಖರ್ಚು ಮಾಡಿದ. ಕಸಬ್ ಜೀವಂತ ಸಿಕ್ಕಿಬಿದ್ದಿದ್ದ, ತಪ್ಪೊಪ್ಪಿಕೊಂಡಿದ್ದ, ವಿಚಾರಣೆ ನಡೆದಿತ್ತು. ಅಷ್ಟಾದರೂ ಅಂಕಣದ ಮಾತೇ ತೂಗಿತು.

ಓದುವಾಗ ನಾನು ಅನುಸರಿಸುವ ಕ್ರಮ ಸರಳವಾದದ್ದು. ಅಂಕಣದ ವಾಕ್ಯಗಳನ್ನು ಮೂರು ರಾಶಿ ಮಾಡುತ್ತೇನೆ. ಖಲೀಫನೋ ಯುರೋಪಿನ ದೊರೆಯೋ ಬರುವ ನೀತಿಕಥೆ ಮೊದಲನೆಯದು. ಅದು ಅಲಂಕಾರ, ಪುರಾವೆ ಎಂದು ಉಲ್ಲೇಖಿಸಬೇಡಿ. ಎರಡನೆಯದು ವಾದ, ಅದನ್ನು ತರ್ಕದಿಂದಲೇ ಅಳೆಯಬಹುದು. ಮೂರನೆಯದು 'ಒಳಗಿನ ಸುದ್ದಿ'. ಕಷ್ಟ ಇರುವುದು ಇಲ್ಲಿ. 'ಬಾಖಬರ್ ಜರಾಯೆ', ಅಂದರೆ ಬಲ್ಲ ಮೂಲಗಳು, ಎಂದಷ್ಟೇ ಇದ್ದರೆ ಅನುಮಾನಿಸಿ. ಆದರೆ ಎಲ್ಲ ಮರೆಮಾತೂ ಸೋಗಲ್ಲ. 2018ರ ಚುನಾವಣೆಯ ಹೊತ್ತಿಗೆ 'ಮಹಕ್ಮಾ-ಎ-ಜರಾಅತ್', ಅಂದರೆ ಕೃಷಿ ಇಲಾಖೆ, ಎಂಬ ಮಾತು ಹರಿದಾಡಿತು. ಗುಪ್ತಚರ ಸಂಸ್ಥೆಯವರು ಹೊಡೆದರು ಎಂದ ಮುಲ್ತಾನಿನ ಅಭ್ಯರ್ಥಿಯೊಬ್ಬರು ಮರುದಿನ ಮಾತು ತಿರುಗಿಸಿ, ಹೊಡೆದದ್ದು ಕೃಷಿ ಇಲಾಖೆಯವರು ಎಂದಿದ್ದರು. ಅಲ್ಲಿಂದ ಮುಂದೆ ಯಾರ ಹೆಸರು ಹೇಳಲಾಗದೋ ಅವರಿಗೆಲ್ಲ ಅದೇ ಹೆಸರು. 2014ರಲ್ಲಿ ಕರಾಚಿಯಲ್ಲಿ ಗುಂಡೇಟು ತಿಂದು ಬದುಕಿದ, 2021ರಲ್ಲಿ ಸೇನೆಯನ್ನು ಟೀಕಿಸಿದ್ದಕ್ಕೆ ತಿಂಗಳುಗಟ್ಟಲೆ ಟಿವಿಯಿಂದ ಹೊರಗಿದ್ದ ಹಾಮಿದ್ ಮೀರ್ ಅಸ್ಪಷ್ಟವಾಗಿ ಬರೆದರೆ ಅದರ ಕಾರಣ ಬೇರೆ. ಯಾರಿಗೆ ಹೆದರಿ ಮುಚ್ಚಿಟ್ಟಿದ್ದಾರೆ ಎಂದು ಕೇಳಿದರೆ ಸೋಗು ಯಾವುದು, ಅಂಜಿಕೆ ಯಾವುದು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಅಭ್ಯಾಸಕ್ಕೆ 2024ರ ಪಾಕಿಸ್ತಾನದ ಚುನಾವಣೆ ತೆಗೆದುಕೊಳ್ಳಿ. ನವಾಜ್ ಶರೀಫ್ ನಾಲ್ಕನೇ ಸಲ ಪ್ರಧಾನಿಯಾಗುವುದು ಬಹುತೇಕ ನಿಶ್ಚಿತ ಎಂಬ ಮಾತು ಜನವರಿಯಲ್ಲಿ ಎಲ್ಲೆಡೆ ಇತ್ತು. ಫೆಬ್ರವರಿ 8ರ ಮತದಾನದಲ್ಲಿ ಇಮ್ರಾನ್ ಖಾನ್ ಪಕ್ಷದ ಬೆಂಬಲದ ಪಕ್ಷೇತರರೇ ಅತಿ ದೊಡ್ಡ ಗುಂಪಾಗಿ ಗೆದ್ದರು, ಕೊನೆಗೆ ಪ್ರಧಾನಿಯಾದದ್ದು ಶಹಬಾಜ್ ಶರೀಫ್. ದೊಡ್ಡ ಪತ್ರಿಕೆಗಳ ಹಳೆಯ ಅಂಕಣಗಳು ಅವುಗಳ ಜಾಲತಾಣದಲ್ಲೇ ಸಿಗುತ್ತವೆ. ನಾಲ್ಕೈದು ಅಂಕಣಕಾರರ ಜನವರಿಯ ಬರಹಗಳನ್ನು ಮೊದಲು ಓದಿ. ಆಮೇಲೆ ಫೆಬ್ರವರಿ ಎರಡನೇ ವಾರಕ್ಕೆ ಬಂದು, ತಾವು ಹಿಂದಿನ ತಿಂಗಳು ಬರೆದದ್ದನ್ನು ತಾವೇ ಎತ್ತಿ ಮಾತಾಡಿದವರು ಯಾರು, ಬೇರೆ ವಿಷಯಕ್ಕೆ ಹೊರಳಿದವರು ಯಾರು ಎಂದು ಗುರುತು ಹಾಕಿಕೊಳ್ಳಿ.