ನಿನ್ನೆಯ ಜೊತೆಗಾರ್ತಿ, ಇವತ್ತಿನ ಎದುರಾಳಿ

ನತಾಶಾ ಜ್ವೆರೆವಾ ಅಂದ ಕೂಡಲೇ ಹಳೆಯ ಟೆನಿಸ್ ಪ್ರೇಮಿಗಳಿಗೆ ನೆನಪಾಗುವುದು ಒಂದು ಸೋಲು. 1988ರಲ್ಲಿ ಪ್ಯಾರಿಸ್‌ನ ಫ್ರೆಂಚ್ ಓಪನ್ ಫೈನಲ್. ಎದುರಿಗೆ ಸ್ಟೆಫಿ ಗ್ರಾಫ್. ಸ್ಕೋರು 6-0, 6-0. ಹೆಚ್ಚು ಕಡಿಮೆ ಅರ್ಧ ಗಂಟೆಯಲ್ಲಿ ಆಟ ಮುಗಿದೇ ಹೋಯಿತು. ಅದೇ ಟೂರ್ನಿಯಲ್ಲಿ ಈ 17ರ ಹುಡುಗಿ ದಿಗ್ಗಜೆ ಮಾರ್ಟಿನಾ ನವ್ರಾಟಿಲೋವಾ ಅವರನ್ನು ಮನೆಗೆ ಕಳಿಸಿದ್ದನ್ನು ಯಾರೂ ಹೇಳುವುದಿಲ್ಲ. ಮುಂದೆ ಡಬಲ್ಸ್‌ನಲ್ಲಿ ಗೆದ್ದ 18 ಗ್ರ್ಯಾಂಡ್ ಸ್ಲಾಂ, ಅಂದರೆ ವರ್ಷದ ನಾಲ್ಕು ದೊಡ್ಡ ಟೂರ್ನಿಗಳ ಪ್ರಶಸ್ತಿಗಳ ಮಾತು ಬಿಡಿ. ಡಬಲ್ಸ್ ನೋಡುವವರೇ ಕಡಿಮೆ ಅಲ್ವಾ?

ಜ್ವೆರೆವಾ ಹುಟ್ಟಿದ್ದು ಮಿನ್ಸ್ಕ್‌ನಲ್ಲಿ. ಆಗ ಅದು ಸೋವಿಯತ್ ಒಕ್ಕೂಟ. ಆಡಿದವರು ಗೆದ್ದ ಹಣದಲ್ಲಿ ಬಹುಪಾಲು ಸರ್ಕಾರಿ ಕ್ರೀಡಾ ವ್ಯವಸ್ಥೆಗೇ ಹೋಗುತ್ತಿತ್ತು. ಅದಕ್ಕೂ ಮೊದಲು, 1974ರಲ್ಲಿ, ಸೋವಿಯತ್ ಆಟಗಾರ್ತಿ ಓಲ್ಗಾ ಮೊರೊಜೊವಾ ಪ್ಯಾರಿಸ್ ಮತ್ತು ವಿಂಬಲ್ಡನ್ ಎರಡರಲ್ಲೂ ಫೈನಲ್ ತಲುಪಿದ್ದರು. ಅವರ ಕಾಲದಲ್ಲಿ ಈ ಹಣದ ಪದ್ಧತಿಯನ್ನು ಗಟ್ಟಿಯಾಗಿ ಪ್ರಶ್ನಿಸುವ ಮಾತೇ ಇರಲಿಲ್ಲ. 1989ರಲ್ಲಿ ಜ್ವೆರೆವಾ ಅಮೆರಿಕದಲ್ಲಿ ಆಡುತ್ತಿದ್ದಾಗ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು: ನಾನು ಗೆದ್ದ ದುಡ್ಡು ನನಗೇ ಬೇಕು. ಆಗಷ್ಟೇ 18 ತುಂಬುವ ವಯಸ್ಸು. ಧೈರ್ಯ ನೋಡಿ! ಅಲ್ಲಿಂದ ಮುಂದೆ ಪದ್ಧತಿ ನಿಧಾನಕ್ಕೆ ಸಡಿಲವಾಯಿತು.

ಈಗ ಡಬಲ್ಸ್‌ಗೆ ಬರೋಣ. ಸರ್ವ್ ಆಗುವ ಮುಂಚೆ ನೆಟ್ ಹತ್ತಿರ ನಿಂತವಳ ಕೈ ನೋಡಿದ್ದೀರಾ? ಬೆನ್ನ ಹಿಂದೆ ಬೆರಳು ಮಡಚಿ, ಬಿಚ್ಚಿ ಗುಟ್ಟಿನ ಸನ್ನೆ ಮಾಡುತ್ತಾಳೆ. ನಾನು ಅಡ್ಡ ಹಾಯುತ್ತೇನೋ, ಇಲ್ಲೇ ನಿಲ್ಲುತ್ತೇನೋ ಅಂತ. ಜೊತೆಗಾರ್ತಿಯ ಸರ್ವ್ ಎತ್ತ ಬೀಳಬೇಕು ಅನ್ನುವುದೂ ಅದರಲ್ಲೇ ಇರುತ್ತದೆ. ವರ್ಷಗಟ್ಟಲೆ ಹೀಗೆ ಆಡಿದ ಮೇಲೆ ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಬಾಯಿಪಾಠ. ಹಾಗಿರುವಾಗ ಜೋಡಿ ಒಡೆದು ಅದೇ ಗೆಳತಿ ನೆಟ್‌ನ ಆಚೆ ಬಂದು ನಿಂತರೆ?

1991ರಲ್ಲಿ ಜ್ವೆರೆವಾ ಅವರ ಜೊತೆಗಾರ್ತಿ ಲಾಟ್ವಿಯಾದ ಲಾರಿಸಾ ನೀಲ್ಯಾಂಡ್. ಆ ವರ್ಷ ಪ್ಯಾರಿಸ್ ಫೈನಲ್‌ನಲ್ಲಿ ಇವರನ್ನು ಸೋಲಿಸಿದ್ದು ಪೋರ್ಟೊ ರಿಕೊದಲ್ಲಿ ಹುಟ್ಟಿದ ಜಿಜಿ ಫರ್ನಾಂಡಿಸ್ ಮತ್ತು ಯಾನಾ ನೊವೊಟ್ನಾ. ಕೆಲವೇ ವಾರಗಳಲ್ಲಿ ವಿಂಬಲ್ಡನ್ ಫೈನಲ್‌ನಲ್ಲಿ ಮತ್ತೆ ಅದೇ ನಾಲ್ವರು. ಈ ಸಲ ಜ್ವೆರೆವಾ ಜೋಡಿ ಗೆದ್ದಿತು. ಮರುವರ್ಷ ನೋಡಿದರೆ ಜೋಡಿಗಳೇ ಅದಲು ಬದಲು! ಜ್ವೆರೆವಾ ಜೊತೆ ಜಿಜಿ, ನೀಲ್ಯಾಂಡ್ ಜೊತೆ ನೊವೊಟ್ನಾ. 1992 ಮತ್ತು 1993ರಲ್ಲಿ ಈ ಎರಡು ಜೋಡಿ ನಾಲ್ಕು ಗ್ರ್ಯಾಂಡ್ ಸ್ಲಾಂ ಫೈನಲ್‌ಗಳಲ್ಲಿ ಎದುರಾದವು. ನಾಲ್ಕರಲ್ಲೂ ಗೆದ್ದದ್ದು ಜ್ವೆರೆವಾ ಮತ್ತು ಜಿಜಿ.

ಈ ಇಬ್ಬರೂ ಸತತ ಆರು ಗ್ರ್ಯಾಂಡ್ ಸ್ಲಾಂ ಗೆದ್ದರು. 1997ರವರೆಗೆ ಒಟ್ಟು 14. ಆದರೂ ಒಂದು ಕೊರತೆ ಉಳಿಯಿತು. 1993 ಮತ್ತು 1994, ಎರಡೂ ವರ್ಷ ಮೊದಲ ಮೂರು ಗ್ರ್ಯಾಂಡ್ ಸ್ಲಾಂ ಇವರದ್ದೇ. ನಾಲ್ಕನೆಯದು ನ್ಯೂಯಾರ್ಕ್‌ನ ಯುಎಸ್ ಓಪನ್. ಎರಡು ಸಲವೂ ಅಲ್ಲೇ ಕೈ ತಪ್ಪಿತು.

1997ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಜ್ವೆರೆವಾ ಮಾರ್ಟಿನಾ ಹಿಂಗಿಸ್ ಜೊತೆ ಆಡಿ ಗೆದ್ದರು. ಆ ವರ್ಷವೇ ಜಿಜಿ ನಿವೃತ್ತಿಯಾದರು. 1998ರಲ್ಲಿ ಹೊಸ ಜೊತೆಗಾರ್ತಿ ಲಿಂಡ್ಸೆ ಡ್ಯಾವೆನ್‌ಪೋರ್ಟ್. ಸಿಂಗಲ್ಸ್‌ನಲ್ಲಿ ಆ ವರ್ಷ ಖುಷಿಯ ಸುದ್ದಿಯೇ ಇತ್ತು. ವಿಂಬಲ್ಡನ್‌ನಲ್ಲಿ ಗ್ರಾಫ್ ಅವರನ್ನು ಸೋಲಿಸಿದರು, ಆಮೇಲೆ ಮೋನಿಕಾ ಸೆಲೆಸ್ ಅವರನ್ನೂ. ಸೆಮಿಫೈನಲ್ ತನಕ ಹೋದರು. ಪ್ಯಾರಿಸ್‌ನ ಆ ಅರ್ಧ ಗಂಟೆಗೆ ಹತ್ತು ವರ್ಷ ತುಂಬಿತ್ತು.

ಡಬಲ್ಸ್‌ನಲ್ಲಿ ಮಾತ್ರ ವಿಚಿತ್ರ ನಡೆಯಿತು. ಡ್ಯಾವೆನ್‌ಪೋರ್ಟ್ ಜೊತೆ ನಾಲ್ಕೂ ಗ್ರ್ಯಾಂಡ್ ಸ್ಲಾಂ ಫೈನಲ್ ಮುಟ್ಟಿದರು, ನಾಲ್ಕರಲ್ಲೂ ಸೋತರು. ಪ್ರತಿ ಸಲ ನೆಟ್‌ನ ಆಚೆ ಹಿಂಗಿಸ್. ಮೊದಲ ಸಲ ಅವರ ಜೊತೆ ಮಿರ್ಯಾನಾ ಲೂಚಿಚ್, ಉಳಿದ ಮೂರು ಸಲ ಅದೇ ನೊವೊಟ್ನಾ. ಜ್ವೆರೆವಾ ಅವರಿಗೆ ಎರಡು ಸಲ ಒಂದೇ ಹೆಜ್ಜೆಯಲ್ಲಿ ತಪ್ಪಿದ ವರ್ಷದ ನಾಲ್ಕೂ ಕಪ್ಪುಗಳನ್ನು ಹಿಂಗಿಸ್ ಒಂದೊಂದಾಗಿ ಎತ್ತಿದರು, ಅದೂ ಇವರ ಕಣ್ಣ ಮುಂದೆಯೇ.

2010ರಲ್ಲಿ ಅಂತಾರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್ ಜ್ವೆರೆವಾ ಅವರನ್ನು ಸೇರಿಸಿಕೊಂಡಿತು. ಅದೇ ದಿನ ಪಕ್ಕದಲ್ಲಿ ಜಿಜಿಯೂ ಇದ್ದರು.