ಮುಕುಟದ ಲಿಂಗ, ಮಹಾದ್ವಾರದ ಮೆಟ್ಟಿಲು

ವಿಜಯಪುರದಿಂದ ವಿಠ್ಠಲನ ಊರಾದ ಪಂಢರಪುರಕ್ಕೆ ಹೊರಟ ದಿಂಡಿಯಲ್ಲಿ, ಅಂದರೆ ಹಾಡುತ್ತ ಕಾಲ್ನಡಿಗೆಯಲ್ಲಿ ಸಾಗುವ ಭಕ್ತರ ತಂಡದಲ್ಲಿ, ನನ್ನ ಮುಂದೆ ನಡೆಯುತ್ತಿದ್ದ ಅಜ್ಜನ ಕೊರಳಲ್ಲಿ ಇಷ್ಟಲಿಂಗದ ಕರಡಿಗೆಯೂ ಇತ್ತು, ತುಳಸಿಮಾಲೆಯೂ ಇತ್ತು. ತಾಳ ಬಡಿದಾಗಲೆಲ್ಲ ಎರಡೂ ಒಟ್ಟಿಗೆ ಅಲುಗುತ್ತಿದ್ದವು. ವಿಠ್ಠಲ ಶೈವರವನೋ ವೈಷ್ಣವರವನೋ, ಕನ್ನಡಿಗನೋ ಮರಾಠಿಗನೋ ಎಂಬ ವಾದ ಆಷಾಢ ಬಂದಾಗಲೆಲ್ಲ ತಲೆ ಎತ್ತುತ್ತದೆ. ಅಜ್ಜನಿಗೆ ಅದರ ಗೊಡವೆ ಇರಲಿಲ್ಲ.

ವಿಠ್ಠಲನ ಮುಕುಟವೇ ಶಿವಲಿಂಗವೆಂದು ಭಕ್ತರು ನಂಬುತ್ತಾರೆ. ಶಿವನ ಹೊರತು ಯಾರನ್ನೂ ನೋಡೆನೆಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ದೇವರ ಉಡಿದಾರಕ್ಕೆ ಅಳತೆ ತೆಗೆಯಲು ಹೋದ ಅಕ್ಕಸಾಲಿಗ ನರಹರಿ ಸೋನಾರನ ಕಥೆಯನ್ನು ವಾರಕರಿಗಳು (ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲನ ಭಕ್ತರು) ಇಂದಿಗೂ ಹೇಳುತ್ತಾರೆ. ಕೈಗೆ ತಗುಲಿದ್ದು ಶಿವನ ಹಾವು. ಬಟ್ಟೆ ಬಿಚ್ಚಿದರೆ ಎದುರಿಗೆ ವಿಠ್ಠಲ. ದೇವರುಗಳ ಜಗಳ ಹೀಗೆ ಬೆರಳ ತುದಿಯಲ್ಲೇ ಬಗೆಹರಿಯಿತು. ಮನುಷ್ಯರದು ಶತಮಾನಗಳ ಕಾಲ ಹೊಸ್ತಿಲಲ್ಲೇ ಉಳಿಯಿತು.

ನಮ್ಮ ದಾರಿಯಲ್ಲಿ ಮಂಗಳವೇಢೆ ಸಿಗುತ್ತದೆ. ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿದ್ದ ಊರದು. 14ನೆಯ ಶತಮಾನದಲ್ಲಿ ಅದೇ ಊರಿನ ಚೋಖಾಮೇಳ ವಿಠ್ಠಲನ ಮೇಲೆ ಅಭಂಗ ಎಂಬ ಮರಾಠಿ ಭಕ್ತಿಪದಗಳನ್ನು ಕಟ್ಟಿ ಹಾಡಿದ. ಮಹಾರ ಜಾತಿಯವನೆಂದು ಅವನಿಗೆ ಪಂಢರಪುರದ ಗುಡಿಯೊಳಗೆ ಪ್ರವೇಶವಿರಲಿಲ್ಲ. ಗೋಡೆ ಕುಸಿದು ಅವನು ಸತ್ತ ಮೇಲೆ ಸಂತ ನಾಮದೇವ ಅವನ ಮೂಳೆಗಳನ್ನು ಹೊತ್ತು ತಂದು ಆ ಗುಡಿಯ ಮಹಾದ್ವಾರದ ಎದುರು ಸಮಾಧಿ ಮಾಡಿಸಿದನಂತೆ. ಆಮೇಲೆ ಸುಮಾರು 600 ವರ್ಷ ಅವನ ಅಭಂಗಗಳು ಒಳಗೆ ಹೋದವು, ಅವನ ಜನ ಹೊರಗೆ ನಿಂತರು.

1947ರಲ್ಲಿ ಮರಾಠಿ ಸಾಹಿತಿ, ಮೇಷ್ಟ್ರಾಗಿದ್ದ ಸಾನೆ ಗುರೂಜಿ ಇದನ್ನು ಸಹಿಸದಾದರು. ಊರೂರು ತಿರುಗಿ ಜನರ ಮನ ಒಲಿಸಿದರು. ಆದರೂ ಪಂಢರಪುರದ ಬಾಗಿಲು ತೆರೆಯದಿದ್ದಾಗ, ಮೇ 1ರಂದು ಅಲ್ಲಿಯ ತನಪುರೆ ಮಹಾರಾಜರ ಮಠದಲ್ಲಿ ಉಪವಾಸ ಕುಳಿತರು. ಸ್ವಾತಂತ್ರ್ಯಕ್ಕೆ ಮೂರೂವರೆ ತಿಂಗಳಷ್ಟೇ ಬಾಕಿ. ಉರಿ ಬಿಸಿಲು, ಬರಿಯ ಹೊಟ್ಟೆ. ಗುಡಿ ತೆರೆಯುವ ಭರವಸೆ ಸಿಕ್ಕ ಮೇಲೆ, ಮೇ 10ರಂದು ಉಪವಾಸ ಬಿಟ್ಟರು. ಒಬ್ಬ ಮೇಷ್ಟ್ರು ಹತ್ತು ದಿನ ಹಸಿದಿದ್ದು ಅಷ್ಟು ಶತಮಾನಗಳ ಅಗುಳಿಯನ್ನು ಸಡಿಲಿಸಿದ್ದನ್ನು ನೆನೆದರೆ ನನಗೆ ಈಗಲೂ ಕಣ್ಣು ತೇವವಾಗುತ್ತದೆ. ಹರಿಜನ ದೇವಾಲಯ ಪ್ರವೇಶ ಕಾಯ್ದೆಯೂ ಅದೇ ವರ್ಷ ಬಂತು. ಬೆಳಗಾವಿ, ವಿಜಯಪುರ ಆಗ ಮುಂಬೈ ಪ್ರಾಂತ್ಯದಲ್ಲಿದ್ದುದರಿಂದ ನಮ್ಮ ಗುಡಿಗಳಿಗೂ ಅದು ಅನ್ವಯಿಸಿತು.

ಪಂಢರಪುರದ ಗುಡಿಯಲ್ಲಿ ವಂಶಪಾರಂಪರ್ಯ ಪೂಜೆಯ ಹಕ್ಕನ್ನು ರದ್ದುಪಡಿಸಿದ 1973ರ ಕಾಯ್ದೆ ಕೋರ್ಟುಗಳಲ್ಲಿ ಅಲೆದಲೆದು, 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗಟ್ಟಿಯಾಯಿತು. ಇಂದು ಯಾರು ಬೇಕಾದರೂ ವಿಠ್ಠಲನ ಪಾದಕ್ಕೆ ಹಣೆ ಮುಟ್ಟಿಸಬಹುದು. ಮುಟ್ಟಿ ಮುಟ್ಟಿ ಸವೆದ ಪಾದಗಳಿಗೆ ವಜ್ರಲೇಪ ಎಂಬ ರಕ್ಷಣೆಯ ಲೇಪ ಹಚ್ಚಬೇಕಾಗಿ ಬಂದಿದೆ.

ದರ್ಶನದ ಸಾಲಿಗೆ ಸೇರುವ ಮೊದಲು ಅಜ್ಜ ಚೋಖಾಮೇಳನ ಸಮಾಧಿಯ ಮುಂದೆ ನಿಂತರು. ಟೋಪಿ ತೆಗೆದು ಕಂಕುಳಲ್ಲಿ ಇರುಕಿಕೊಂಡು, ಕಲ್ಲಿನ ಮೇಲಿದ್ದ ಬುಕ್ಕಾವನ್ನು (ವಿಠ್ಠಲನ ಭಕ್ತರು ಹಣೆಗಿಡುವ ಕಪ್ಪು ಪರಿಮಳದ ಪುಡಿ) ಚಿಟಿಕೆಯಷ್ಟು ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡರು. ಆಮೇಲೆ ನನ್ನ ಹಣೆಗೂ ಹಚ್ಚಿದರು.